ನೇಜಿ ಹಾಡನ್ನು ಗಿಟಾರಿಗೆ ತರುವುದು ಹೇಗೆ? ಮೊದಲು ತಂತಿ ಇಳಿಸಿ

ಕ್ಲಾಸಿಕಲ್ ಗಿಟಾರ್ ಕಲಿತು ಐದಾರು ವರ್ಷ ಆಗುವಾಗ ಮಂಗಳೂರು, ಉಡುಪಿ ಕಡೆಯ ಸುಮಾರು ಜನರಿಗೆ ಒಂದೇ ಆಸೆ ಹುಟ್ಟುತ್ತದೆ. ಸ್ಪೇನಿನದ್ದು ನುಡಿಸಿ ಆಯಿತು, ಬ್ರೆಜಿಲಿನದ್ದು ನುಡಿಸಿ ಆಯಿತು, ಇನ್ನು ನಮ್ಮದೇ ಅಂತ ಒಂದು ಬೇಕು. ಒಳ್ಳೆಯ ಆಸೆ. ಆದರೆ ಹೆಚ್ಚಿನವರು ಮಾಡುವುದು ಏನೆಂದರೆ, ಗೊತ್ತಿರುವ ಒಂದು ತುಳು ಹಾಡಿನ ಧಾಟಿ ಹಿಡಿದು, ಅದರ ಕೆಳಗೆ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಇಟ್ಟು, ಬೆರಳಲ್ಲಿ ಬಿಡಿಸಿ ನುಡಿಸಿ, ಮುಗಿಯಿತು ಅಂದುಕೊಳ್ಳುತ್ತಾರೆ. ನಾನು ಶುರು ಮಾಡಿದ್ದೂ ಹಾಗೆಯೇ.

ಕಟಪಾಡಿ ಹತ್ತಿರ ನಮ್ಮ ಅಜ್ಜಿ ಮನೆ. ಅಲ್ಲಿಯ ಗದ್ದೆಗೆ ನೇಜಿ, ಅಂದರೆ ಭತ್ತದ ಸಸಿ, ನೆಡಲು ಬರುತ್ತಿದ್ದ ಒಬ್ಬರು ಅಕ್ಕ ಓಬೇಲೆ ಅನ್ನುವ ನಾಟಿ ಹಾಡು ಹೇಳಲು ಶುರು ಮಾಡಿದರೆ ಪಕ್ಕದ ಗದ್ದೆಯವರೂ ಸುಮ್ಮನಾಗುತ್ತಿದ್ದರು. ಅವರ ಹಾಡನ್ನು ಡಿ ಮೈನರ್, ಸಿ, ಎಫ್ ಕಾರ್ಡುಗಳ ಮೇಲೆ ಕೂರಿಸಿ ಅವರ ಮುಂದೆಯೇ ನುಡಿಸಿದೆ. ಪೂರ್ತಿ ಕೇಳಿದರು. ಆಮೇಲೆ ಮೆಲ್ಲ, "ಪೊರ್ಲುಂಡು ಮಗಾ, ಆಂಡ ಉಂದು ಎನ್ನ ಪದ ಅತ್ತ್" ಅಂದರು. ಚೆಂದ ಉಂಟು, ಆದರೆ ಇದು ನನ್ನ ಹಾಡಲ್ಲ.

ಸ್ವರ ಒಂದೂ ತಪ್ಪಿರಲಿಲ್ಲ. ಹಾಗಾದರೆ ತಪ್ಪಿದ್ದು ಏನು? ಅದನ್ನು ಹುಡುಕುತ್ತಾ ಮತ್ತೆ ಎರಡು ಮಳೆಗಾಲ ಅದೇ ಹಾಡಿನ ಜೊತೆ ಕೂತೆ. ಈಗ ಹೇಳುವುದೆಲ್ಲ ಆಗ ಕಲಿತದ್ದು.

ದಾರಿ ತೋರಿಸಿದ್ದು ದೂರದ ಒಬ್ಬ ಮನುಷ್ಯ. ಕಾರ್ಲೊ ದೊಮೆನಿಕೋನಿ, ಇಟಲಿಯವರು, 1947ರಲ್ಲಿ ಹುಟ್ಟಿದವರು, ತಾವೇ ಗಿಟಾರ್ ವಾದಕರು. ಬರ್ಲಿನ್‌ನಲ್ಲಿ ಕಲಿತರು, ಆಮೇಲೆ ಇಸ್ತಾಂಬುಲ್‌ನಲ್ಲಿ ಕೆಲವು ವರ್ಷ ಗಿಟಾರ್ ಕಲಿಸಿದರು. ಅಲ್ಲಿ ಟರ್ಕಿಯ ಹಳ್ಳಿ ಸಂಗೀತ ಅವರನ್ನು ಹಿಡಿದುಕೊಂಡಿತು. 1985ರಲ್ಲಿ ಬರೆದ 'ಕೊಯುನ್‌ಬಾಬಾ' ಇವತ್ತು ಜಗತ್ತಿನ ಎಲ್ಲ ಕಡೆ ಗಿಟಾರ್ ವಿದ್ಯಾರ್ಥಿಗಳು ನುಡಿಸುವ ಕೃತಿ. ಅದನ್ನು ಮೊದಲ ಸಲ ಕೇಳಿದವರಿಗೆ ಇದು ಗಿಟಾರೋ ಬೇರೆ ವಾದ್ಯವೋ ಅಂತ ಅನುಮಾನ ಬರುತ್ತದೆ. ಕಾರಣ ಸರಳ. ಅವರು ಗಿಟಾರಿನ ಮಾಮೂಲು ಶ್ರುತಿಯನ್ನೇ ಬಿಟ್ಟರು. ಆರನೇ ತಂತಿಯಿಂದ ಮೊದಲನೇ ತಂತಿಗೆ ಬರುವಾಗ ಸಿ ಶಾರ್ಪ್, ಜಿ ಶಾರ್ಪ್, ಸಿ ಶಾರ್ಪ್, ಜಿ ಶಾರ್ಪ್, ಸಿ ಶಾರ್ಪ್, ಕೊನೆಗೆ ಇ. ಮೊದಲನೇ ತಂತಿ ಒಂದು ಬಿಟ್ಟು ಉಳಿದ ಐದೂ ತಿರುಗಿವೆ. ಸುಮ್ನೆ ಎಲ್ಲ ತಂತಿ ಮೇಲೆ ಕೈ ಎಳೆದರೆ ಸಾಕು, ಟರ್ಕಿಯ ಸಾಜ್ ಅನ್ನುವ ಉದ್ದ ಕೊರಳಿನ ವಾದ್ಯದ ಗುಂಯ್‌ಗುಟ್ಟುವಿಕೆ ಹತ್ತಿರ ಬಂದುಬಿಡುತ್ತದೆ.

ಹಾಡನ್ನು ಗಿಟಾರಿನ ಅಳತೆಗೆ ಕತ್ತರಿಸಲಿಲ್ಲ ಅವರು. ಗಿಟಾರನ್ನೇ ಹಾಡಿನ ಅಂಗಳಕ್ಕೆ ಕರೆದುಕೊಂಡು ಹೋದರು. ನನ್ನ ಡಿ ಮೈನರ್ ಕಾರ್ಡಿನಲ್ಲಿ ಇಲ್ಲದ್ದು ಅದೇ.

ಯಾವ ಹಾಡು ಆರಿಸಬೇಕು

ನಿಮಗೆ ಬಾಯಲ್ಲಿ ಹೇಳಲು ಬರುವ ಹಾಡು. ಇದರಲ್ಲಿ ರಾಜಿ ಬೇಡ. ಬಾಯಿಗೆ ಬಾರದ ಹಾಡು ಬೆರಳಿಗೂ ಬರುವುದಿಲ್ಲ.

ನಮ್ಮಲ್ಲಿ ಬೇಕಾದಷ್ಟು ಉಂಟು. ನೇಜಿ ನೆಡುವಾಗಿನ ಓಬೇಲೆ, ಕ್ರೈಸ್ತರ ಮನೆಯಲ್ಲಿ ಮದುವೆಯ ಹಿಂದಿನ ದಿನ ರೋಸಿಗೆ, ಅಂದರೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ, ಹೇಳುವ ಕೊಂಕಣಿ ವೊವಿಯೊ, ಕುಡುಬಿ ಜನರ ಹೋಳಿ ಹಾಡು, ಬ್ಯಾರಿಗಳ ಮದುವೆ ಹಾಡು, ತೊಟ್ಟಿಲ ಹಾಡು. ಒಂದು ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ದೈವಕ್ಕೆ ಹೇಳುವ ಪಾಡ್ದನವನ್ನು, ಅಂದರೆ ಸಂಧಿಯನ್ನು, ಈ ಕೆಲಸಕ್ಕೆ ಎತ್ತಿಕೊಳ್ಳಬೇಡಿ. ಅದನ್ನು ಹೇಳುವ ಹೊತ್ತು ಬೇರೆ, ಜಾಗ ಬೇರೆ, ಹೇಳುವ ಹಕ್ಕಿನವರು ಬೇರೆ. ಸಂಗೀತ ಚೆನ್ನಾಗಿದೆ ಅನ್ನುವುದು ಅದನ್ನು ವೇದಿಕೆಗೆ ತರಲು ಸಾಕಾಗುವ ಕಾರಣ ಅಲ್ಲ. ಕೆಲಸದ ಹಾಡು, ಮದುವೆ ಹಾಡು, ಜೋಗುಳ, ಇಷ್ಟರಲ್ಲೇ ಒಂದು ಜನ್ಮಕ್ಕೆ ಆಗುವಷ್ಟು ಸಾಮಗ್ರಿ ಇದೆ.

ಕ್ಯಾಸೆಟ್ ಕಾಲದ ವಾದ್ಯಗೋಷ್ಠಿ ಹಾಡು, ಈಗಿನ 'ಕೆಸರ್ಡೊಂಜಿ ದಿನ' (ಕೆಸರಲ್ಲಿ ಒಂದು ದಿನ) ಅನ್ನುವ ಗದ್ದೆಯ ಕಾರ್ಯಕ್ರಮದಲ್ಲಿ ಮೈಕಿನ ಮುಂದೆ ಹೇಳುವ ಹಾಡು, ಇವು ಕೇಳಲು ಚಂದವೇ. ಆದರೆ ಅವಕ್ಕೆ ಆಗಲೇ ಕೀಬೋರ್ಡಿನವರು ತಾಳ, ಕಾರ್ಡು ಎಲ್ಲ ಹಾಕಿ ಆಗಿದೆ. ನೀವು ಅದರ ಮೇಲೆ ಕೂತರೆ ಇನ್ನೊಬ್ಬರ ಅರೇಂಜ್‌ಮೆಂಟನ್ನು ಅರೇಂಜ್ ಮಾಡಿದ ಹಾಗೆ. ಆದಷ್ಟು ಬುಡಕ್ಕೆ ಹೋಗಿ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಇದೆ, ಆರ್‌ಆರ್‌ಸಿ ಅಂತ ಎಲ್ಲರೂ ಕರೆಯುವುದು. ಕು.ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದ್ದು. ದಶಕಗಳ ಜನಪದ ದಾಖಲಾತಿ ಅಲ್ಲಿ ಆಗಿದೆ. ಕೊಂಕಣಿ ಹಾಡು ಬೇಕಾದವರು ಮಂಗಳೂರು ಶಕ್ತಿನಗರದ ಕಲಾಂಗಣ್‌ಗೆ, ಅಂದರೆ ಮಾಂಡ್ ಸೊಭಾಣ್‌ನವರ ಜಾಗಕ್ಕೆ, ಹೋಗಿ ವಿಚಾರಿಸಬಹುದು.

ಆದರೆ ಎಲ್ಲಕ್ಕಿಂತ ಮೊದಲು ನಿಮ್ಮ ಮನೆಯಲ್ಲೇ ಕೇಳಿ. ಗದ್ದೆಗಳು ಬೇಸಾಯ ಇಲ್ಲದೆ ಹಡೀಲು ಬಿದ್ದಿವೆ, ಉಳಿದ ಕಡೆ ನಾಟಿಗೆ ಯಂತ್ರ ಬಂದಿದೆ, ಹೇಳುವವರಿಗೆ ವಯಸ್ಸಾಗಿದೆ. ಇನ್ನೊಂದು ವರ್ಷ ಬಿಟ್ಟು ಹೋಗುತ್ತೇನೆ ಅಂತ ಮುಂದೂಡಬೇಡಿ.

ಕೇಳುವುದು ಹೇಗೆ

ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಸಾಕು. ಮಳೆ ಶಬ್ದ ಬಂದರೆ ಬರಲಿ. ಮೊದಲು ಕೇಳಿ, ಒಪ್ಪಿದರೆ ಮಾತ್ರ ಬಟನ್ ಒತ್ತಿ, ಯಾತಕ್ಕೆ ಅಂತ ಸರಿಯಾಗಿ ಹೇಳಿ. ಒಂದು ಸಲ ಹೇಳಿಸಿ ಎದ್ದು ಬರಬೇಡಿ. ಚಾ ಕುಡಿಯುತ್ತಾ ಕೂತು ನಾಲ್ಕೈದು ಸುತ್ತು ಹೇಳಿಸಿ, ಆಗುವುದಾದರೆ ಇನ್ನೊಂದು ದಿನ ಹೋಗಿ ಮತ್ತೆ ಹೇಳಿಸಿ. ಏಕೆಂದರೆ ಪ್ರತಿ ಸುತ್ತಿನಲ್ಲಿ ಅವರು ಏನಾದರೂ ಒಂದು ಬದಲಿಸುತ್ತಾರೆ. ಒಮ್ಮೆ ಸಾಲಿನ ಕೊನೆಯ ಸ್ವರವನ್ನು ಎಳೆಯುತ್ತಾರೆ, ಇನ್ನೊಮ್ಮೆ ಮೇಲಿನಿಂದ ಜಾರಿ ಇಳಿಯುತ್ತಾರೆ, ಮತ್ತೊಮ್ಮೆ ಒಂದು ಶಬ್ದ ಜಾಸ್ತಿ ಸೇರಿಕೊಂಡು ಇಡೀ ಸಾಲು ಸ್ವಲ್ಪ ಉದ್ದ ಆಗುತ್ತದೆ. ಇದನ್ನು ತಪ್ಪು ಅಂತ ತಿಳಿದು ಯಾವುದೋ ಒಂದು 'ಸರಿಯಾದ' ಸುತ್ತನ್ನು ಹುಡುಕಿದ್ದು ನನ್ನ ದೊಡ್ಡ ತಪ್ಪು. ಆ ವ್ಯತ್ಯಾಸಗಳೇ ನಿಮ್ಮ ಕೃತಿ. ಪಾಶ್ಚಾತ್ಯ ಸಂಗೀತದಲ್ಲಿ ವೇರಿಯೇಶನ್ ಅಂತ ಏನನ್ನು ಕಷ್ಟಪಟ್ಟು ಬರೆಯುತ್ತಾರೋ ಅದನ್ನು ಆ ಅಕ್ಕ ಕೆಸರಲ್ಲಿ ಬೆನ್ನು ಬಗ್ಗಿಸಿಕೊಂಡೇ ಮಾಡಿ ಮುಗಿಸಿರುತ್ತಾರೆ.

ಆಮೇಲೆ ಮನೆಗೆ ಬಂದು ವೇಗ ಅರ್ಧ ಮಾಡಿ ಕೇಳಿ. ಗಿಟಾರ್ ಮುಟ್ಟಬೇಡಿ ಇನ್ನೂ. ಎಷ್ಟು ಸ್ವರ ಇದೆ ಅಂತ ಎಣಿಸಿ. ನಮ್ಮ ಅಕ್ಕನ ಹಾಡಿನಲ್ಲಿ ಇದ್ದದ್ದು ಬರೀ ನಾಲ್ಕು. ಷಡ್ಜ, ಅದರ ಕೆಳಗಿನ ನಿ, ಮೇಲೆ ರಿ, ಗ. ಗ ಮತ್ತು ನಿ ಎರಡೂ ತಗ್ಗಿನವು. ನಾಲ್ಕೇ ಸ್ವರದಲ್ಲಿ ಮುಕ್ಕಾಲು ಗಂಟೆ ಕಥೆ ನಡೆಯುತ್ತದೆ. ಇದನ್ನು ಬಡತನ ಅಂತ ತಿಳಿದು ನೀವು ನಿಮ್ಮ ಕಡೆಯಿಂದ ಇನ್ನೆರಡು ಸ್ವರ ಸೇರಿಸಿದರೆ ಕೆಟ್ಟಿತು. ಸಿರಿ ಅನ್ನುವ ಹೆಣ್ಣಿನ ಕಥೆಯ ಪಾಡ್ದನವನ್ನೇ ನೋಡಿ. ಗೋಪಾಲ ನಾಯ್ಕರು ಹೇಳಿದ ಸಿರಿಯನ್ನು ಫಿನ್‌ಲೆಂಡಿನ ಜನಪದ ವಿದ್ವಾಂಸ ಲೌರಿ ಹೊಂಕೊ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲು ಆಯಿತು. ಅಷ್ಟು ದೊಡ್ಡ ಕಥೆಯನ್ನು ನಮ್ಮ ಜನ ಕೂತು ಕೇಳಿದ್ದಾರೆ. ತಿರುಗಿ ತಿರುಗಿ ಅದೇ ಧಾಟಿ ಬಂದರೆ ಬೇಜಾರು ಬರುತ್ತದೆ ಅನ್ನುವ ಹೆದರಿಕೆಯನ್ನು ಇಲ್ಲೇ ಬಿಟ್ಟುಬಿಡಿ.

ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಮುಂದಾಳು ಸಾಲು ಮುಗಿಸುವ ಮೊದಲೇ ಉಳಿದವರು ಎತ್ತಿಕೊಳ್ಳುತ್ತಾರಲ್ಲ, ಆ ಒಂದರ ಮೇಲೊಂದು ಬೀಳುವ ಜಾಗವನ್ನೂ ಗುರುತು ಮಾಡಿ. ತಾಳಕ್ಕೆ ಕೂರಿಸಲು ಅವಸರ ಬೇಡ. ಈ ಹಾಡಿಗೆ ಕಾಲ ಕೊಡುವುದು ಗಡಿಯಾರ ಅಲ್ಲ, ನೇಜಿ ಊರುವ ಕೈ.

ಈಗ ತಂತಿ ಇಳಿಸಿ

ಮಾಮೂಲು ಶ್ರುತಿ ಇ, ಎ, ಡಿ, ಜಿ, ಬಿ, ಇ. ಇದರಲ್ಲಿ ಮೂರು ತಂತಿ ಮಾತ್ರ ಮುಟ್ಟುವುದು. ಆರನೆಯದನ್ನು ಇ ಯಿಂದ ಡಿ ಗೆ, ಎರಡನೆಯದನ್ನು ಬಿ ಯಿಂದ ಎ ಗೆ, ಮೊದಲನೆಯದನ್ನು ಇ ಯಿಂದ ಡಿ ಗೆ ಇಳಿಸಿ. ಈಗ ಡಿ, ಎ, ಡಿ, ಜಿ, ಎ, ಡಿ ಆಯಿತು. ಇದು ಹೊಸದೇನಲ್ಲ. ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ 1960ರ ದಶಕದ ಶುರುವಿನಲ್ಲಿ ಮೊರಾಕ್ಕೊದಲ್ಲಿ ಊದ್ ಅನ್ನುವ ಅರಬ್ ತಂತಿವಾದ್ಯದವರ ಜೊತೆ ನುಡಿಸಲು ಹೊಂದಿಸಿಕೊಂಡ ಶ್ರುತಿ ಇದು. ಅಲ್ಲಿಂದ ಅದು ಐರ್ಲೆಂಡಿನ ಜನಪದಕ್ಕೂ ಹೋಯಿತು. ನಮಗೂ ಹೊಂದುತ್ತದೆ, ಕಾರಣ ಇದರಲ್ಲಿ ಮೇಜರೂ ಇಲ್ಲ, ಮೈನರೂ ಇಲ್ಲ. ಷಡ್ಜ, ಪಂಚಮ, ನಡುವೆ ಒಂದು ಮಧ್ಯಮ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಪರಿಚಯದ ಜಾಗ. ಎಲ್ಲವೂ ಇಳಿಸುವುದೇ ಆದ ಕಾರಣ ನೈಲಾನ್ ತಂತಿ ತುಂಡಾಗುವ ಭಯವೂ ಇಲ್ಲ. ಇಳಿಸಿದ ತಂತಿ ಹತ್ತು ನಿಮಿಷ ತನ್ನಷ್ಟಕ್ಕೆ ಜಾರುತ್ತಾ ಇರುತ್ತದೆ, ಮತ್ತೊಮ್ಮೆ ಶ್ರುತಿ ನೋಡಿ.

ಡಿ ಯನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಈಗ ಇಡೀ ಹಾಡು ಎರಡನೇ ತಂತಿಯೊಂದರಲ್ಲೇ ಇದೆ. ಮೂರನೇ ಫ್ರೆಟ್ಟಿನಲ್ಲಿ (ಗಿಟಾರಿನ ಕೊರಳ ಮೇಲಿನ ಅಡ್ಡ ಪಟ್ಟಿ) ನಿ, ಐದರಲ್ಲಿ ಸ, ಏಳರಲ್ಲಿ ರಿ, ಎಂಟರಲ್ಲಿ ಗ. ಒಂದೇ ತಂತಿಯಲ್ಲಿ ನುಡಿಸಿ ಅಂತ ನಾನು ಹಠ ಹಿಡಿಯುವುದು ಯಾಕೆ ಅಂದರೆ, ಮನುಷ್ಯರ ಗಂಟಲು ಒಂದೇ. ಸ್ವರದಿಂದ ಸ್ವರಕ್ಕೆ ಹೋಗುವಾಗ ಅದು ದಾರಿ ಸವೆಸಿಕೊಂಡೇ ಹೋಗಬೇಕು. ನೀವೂ ಬೆರಳನ್ನು ಎತ್ತದೆ ಎಳೆದುಕೊಂಡು ಹೋಗಿ. ಫ್ರೆಟ್ಟುಗಳ ನಡುವೆ ಬರುವ ಆ ಜಾರು ದನಿಯಲ್ಲೇ ಅಕ್ಕನ ಅರ್ಧ ಹಾಡು ಇತ್ತು. ಅವರ ಗ ಪಿಯಾನೋದ ಗ ಅಲ್ಲ, ಸ್ವಲ್ಪ ಮೇಲೆ ಇರುತ್ತದೆ. ಎಂಟನೇ ಫ್ರೆಟ್ಟಿನಲ್ಲಿ ತಂತಿಯನ್ನು ಒಂಚೂರು ಅಡ್ಡಕ್ಕೆ ತಳ್ಳಿದರೆ ಅಲ್ಲಿಗೆ ಹತ್ತಿರ ಹೋಗಬಹುದು.

ಇನ್ನು ನೋಡಿ ಚಂದ. ಎರಡನೇ ತಂತಿಯ ಐದನೇ ಫ್ರೆಟ್, ಮೊದಲನೇ ತೆರೆದ ತಂತಿ, ಎರಡೂ ಒಂದೇ ಡಿ. ಧಾಟಿಯನ್ನು ಎರಡನೇ ತಂತಿಯಲ್ಲಿ ನುಡಿಸುತ್ತಾ ಪಕ್ಕದ ತೆರೆದ ತಂತಿಯನ್ನು ನಡುನಡುವೆ ಮೀಟುತ್ತಾ ಇರಿ. ಸ ಬಂದಾಗ ಎರಡೂ ಸೇರಿ ಒಂದಾಗುತ್ತವೆ. ರಿ ಬಂದಾಗ ಒಂದಕ್ಕೊಂದು ಉಜ್ಜುತ್ತವೆ. ಹತ್ತು ಹೆಂಗಸರು ಒಟ್ಟಿಗೆ ಹೇಳುವಾಗ ಯಾರೂ ಪೂರ್ತಿ ಒಂದೇ ಶ್ರುತಿಯಲ್ಲಿ ಇರುವುದಿಲ್ಲ, ಅಲ್ವಾ? ದೂರದಿಂದ ಕೇಳಿದರೆ ಆ ಸಣ್ಣ ಉಜ್ಜಾಟವೇ ಗದ್ದೆಯ ಹಾಡಿನ ಮೈ. ಇದನ್ನು ಕೈಗೆ ತಂದುಕೊಳ್ಳಲು ನನಗೆ ಒಂದು ಇಡೀ ಆಟಿ ತಿಂಗಳು ಹಿಡಿಯಿತು. ಬಲಗೈಯ ನಡುಬೆರಳು ಧಾಟಿಗೆ, ಉಂಗುರ ಬೆರಳು ತೆರೆದ ತಂತಿಗೆ. ಉಂಗುರ ಬೆರಳಿನದ್ದು ಯಾವಾಗಲೂ ಮೆತ್ತಗೆ ಇರಬೇಕು, ಇಲ್ಲದಿದ್ದರೆ ಧಾಟಿ ಮುಳುಗಿ ಹೋಗುತ್ತದೆ.

ಉತ್ತರ ಕೊಡುವ ಗುಂಪು ಎಲ್ಲಿ? ಅದನ್ನು ಒಂದು ಸ್ಥಾಯಿ ಕೆಳಗೆ, ನಾಲ್ಕನೇ ತಂತಿಗೆ ಇಳಿಸಿ. ತೆರೆದ ತಂತಿ ಸ, ಎರಡನೇ ಫ್ರೆಟ್ ರಿ, ಮೂರನೇ ಫ್ರೆಟ್ ಗ. ನಿ ಮಾತ್ರ ಐದನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಸಿಗುತ್ತದೆ. ಇದನ್ನು ಹೆಬ್ಬೆರಳ ಮಾಂಸದ ಭಾಗದಲ್ಲಿ ನುಡಿಸಿ, ಉಗುರು ತಾಗಿಸಬೇಡಿ, ದನಿ ದುಂಡಗೆ ಬರಬೇಕು. ಮೇಲಿನ ಸಾಲಿನ ಕೊನೆಯ ಸ್ವರ ಇನ್ನೂ ಮೊಳಗುತ್ತಿರುವಾಗಲೇ ಕೆಳಗಿನವರು ಎತ್ತಿಕೊಳ್ಳಲಿ.

ಕಾರ್ಡ್ ಎಲ್ಲಿ ಹಾಕುವುದು ಅಂತ ಕೇಳಬಹುದು. ಓಬೇಲೆಗೆ ಬೇಡ. ತೆರೆದ ಆರನೇ ತಂತಿ, ಐದನೇ ತಂತಿ ಸಾಕು. ಬಾರ್ಸಿಲೋನಾದ ಮಿಗೆಲ್ ಲ್ಯೊಬೆಟ್ ನೂರು ವರ್ಷಕ್ಕೂ ಹಿಂದೆ ಕ್ಯಾಟಲನ್ ಜನಪದ ಹಾಡುಗಳನ್ನು ಗಿಟಾರಿಗೆ ತಂದಾಗ ಒಂದೊಂದು ಸ್ವರದ ಕೆಳಗೂ ಬಣ್ಣ ಬಣ್ಣದ ಕಾರ್ಡ್ ಇಟ್ಟರು, ಅದ್ಭುತವಾಗಿದೆ, ಕಣ್ಣಲ್ಲಿ ನೀರು ಬರುವಂತೆ ಇದೆ. ಆದರೆ ಆ ಹಾಡುಗಳ ಹಿಂದೆ ಇಗರ್ಜಿಯ, ಅಂದರೆ ಚರ್ಚಿನ, ಹಾರ್ಮನಿ ಬೆರೆತ ಊರಿನ ಕಿವಿ ಇತ್ತು. ಅದೇ ಕಾರಣಕ್ಕೆ ನಮ್ಮ ಕೊಂಕಣಿ ಹಾಡುಗಳಿಗೆ ಕಾರ್ಡ್ ಚೆನ್ನಾಗಿ ಕೂರುತ್ತದೆ. ಇಗರ್ಜಿಯ ಕ್ವಾಯರಿನಲ್ಲಿ ಎರಡನೇ ದನಿ ಹೇಳಿ ಬೆಳೆದವರು ಧಾಟಿಗೆ ಮೂರನೇ ಸ್ವರವನ್ನು ತಾವಾಗಿಯೇ ಸೇರಿಸಿ ಹೇಳುತ್ತಾರೆ, ಅಲ್ಲಿ ಅದು ಹೊರಗಿನಿಂದ ತಂದದ್ದಲ್ಲ. ಹಾಡು ಯಾವ ಅಂಗಳದಲ್ಲಿ ಬೆಳೆಯಿತು ಅಂತ ನೋಡಿ, ಆಮೇಲೆ ಕಾರ್ಡಿನ ವಿಷಯ ತೀರ್ಮಾನ ಮಾಡಿ.

ಗುಮಟೆ, ತೆಂಬರೆ

ಗಿಟಾರ್ ಒಂದು ಮರದ ಪೆಟ್ಟಿಗೆಯೂ ಹೌದು. ಗುಮಟೆಯ ಹಾಡು ಆರಿಸಿದ್ದರೆ ಇದು ಬೇಕೇ ಬೇಕು. ಗುಮಟೆ ಅಂದರೆ ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿಯನ್ನು ಕೈಯಲ್ಲಿ ಮುಚ್ಚಿ ತೆರೆದು ದನಿ ಬದಲಿಸುತ್ತಾರೆ. ಆ 'ಗುಮ್' ಬೇಕಾದರೆ ಬಲಗೈ ಹೆಬ್ಬೆರಳ ಬದಿಯಿಂದ ಬ್ರಿಡ್ಜಿನ ಹತ್ತಿರ ತಂತಿಗಳ ಮೇಲೆಯೇ ಬಡಿಯಿರಿ. ಸ್ಪೇನಿನವರು ಇದಕ್ಕೆ ತಂಬೋರಾ ಅನ್ನುತ್ತಾರೆ. ಇಳಿಸಿದ ಆರನೇ ತಂತಿಯಿಂದಾಗಿ ಗುಮ್ ಇನ್ನೂ ಆಳಕ್ಕೆ ಹೋಗುತ್ತದೆ. ಸಣ್ಣ ಪೆಟ್ಟು ಬೇಕಾದರೆ ಗಿಟಾರಿನ ಬದಿಯನ್ನು ಬೆರಳ ತುದಿಯಿಂದ ತಟ್ಟಿ. ಮೇಲಿನ ಹಲಗೆಗೆ ಜೋರಾಗಿ ಹೊಡೆಯಬೇಡಿ, ಕ್ಲಾಸಿಕಲ್ ಗಿಟಾರಿನ ಆ ಹಲಗೆ ಎರಡು ಮೂರು ಮಿಲಿಮೀಟರ್ ದಪ್ಪ ಅಷ್ಟೇ ಇರುವುದು.

ತೆಂಬರೆ ಅನ್ನುವ ಚರ್ಮವಾದ್ಯದ ಕರಕರ ಸದ್ದಿಗೆ ಒಂದು ಉಪಾಯ ಉಂಟು. ಆರನೇ ಮತ್ತು ಐದನೇ ತಂತಿಯನ್ನು ಎಡಗೈಯಲ್ಲಿ ಒಂದರ ಮೇಲೊಂದು ದಾಟಿಸಿ ಒಂಬತ್ತನೇ ಫ್ರೆಟ್ಟಿನ ಹತ್ತಿರ ಒತ್ತಿ ಹಿಡಿದು ಮೀಟಿ. ಸ್ವರ ಮಾಯವಾಗಿ ಚರ್ಮವಾದ್ಯದ ಸದ್ದು ಬರುತ್ತದೆ. ಮೊದಲ ಸಲ ಕೇಳಿದವರು ತಿರುಗಿ ನೋಡುತ್ತಾರೆ. ಹಾಗಂತ ಇದನ್ನು ಎಲ್ಲ ಕಡೆ ಹಾಕಬೇಡಿ. ಇಡೀ ಕೃತಿಯಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು. ನೇಜಿ ಹಾಡಿನಲ್ಲಂತೂ ವಾದ್ಯವೇ ಇಲ್ಲ, ಎರಡೂ ಕೈ ಕೆಲಸದಲ್ಲಿ ಇರುತ್ತವೆ, ಆದ ಕಾರಣ ನನ್ನ ಕೃತಿಯಲ್ಲಿ ಪೆಟ್ಟೇ ಇಲ್ಲ.

ಕಟ್ಟುವುದು

ಹಂಗೇರಿಯ ಬೇಲಾ ಬಾರ್ಟೊಕ್ ಹಳ್ಳಿ ಹಳ್ಳಿ ತಿರುಗಿ ಫೋನೋಗ್ರಾಫಿನಲ್ಲಿ ಸಾವಿರಾರು ಹಾಡು ಹಿಡಿದವರು. ಜನಪದವನ್ನು ಬಳಸಲು ಮೂರು ದಾರಿ ಇದೆ ಅಂತ ಅವರು ಬರೆದಿದ್ದಾರೆ. ಹಾಡನ್ನು ಇದ್ದ ಹಾಗೆಯೇ ಇಟ್ಟು ಜೊತೆಗೆ ಪಕ್ಕವಾದ್ಯ ಬರೆಯುವುದು ಒಂದು. ಅದರ ಹಾಗೆಯೇ ಇರುವ ಹೊಸ ಧಾಟಿಯನ್ನು ತಾನೇ ಕಟ್ಟುವುದು ಇನ್ನೊಂದು. ಮೂರನೆಯದರಲ್ಲಿ ಹಾಡೂ ಇಲ್ಲ, ಅನುಕರಣೆಯೂ ಇಲ್ಲ, ಆದರೆ ಇಡೀ ಸಂಗೀತದ ಗಾಳಿಯೇ ಅಲ್ಲಿಯದು. ಆತುರದವರು ನೇರ ಮೂರನೆಯದಕ್ಕೆ ಹಾರುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲ ಎರಡು ಮೂರು ಕೃತಿ ಮೊದಲನೇ ದಾರಿಯಲ್ಲೇ ಮಾಡಿ. ಹಾಡು ಇದ್ದ ಹಾಗೆ ಇರಲಿ. ನೀವು ಮಾಡುವ ಕೆಲಸ, ಅದು ನಿಲ್ಲಲು ಜಾಗ ಕೊಡುವುದು.

ನಾನು ಕಟ್ಟಿದ್ದು ಹೀಗೆ. ಮೊದಲು ಬರೀ ತೆರೆದ ತಂತಿಗಳು, ನಿಧಾನ, ಬೆಳಗಾತ ಗದ್ದೆಗೆ ಇಳಿಯುವ ಮೊದಲಿನ ಹೊತ್ತಿನ ಹಾಗೆ. ಆಮೇಲೆ ಒಂಟಿ ದನಿ, ಪಕ್ಕವಾದ್ಯ ಇಲ್ಲ. ಎರಡನೇ ಸುತ್ತಿಗೆ ಗುಂಪಿನ ಉತ್ತರ. ಮೂರನೇ ಸುತ್ತಿನಿಂದ ಆ ಉಜ್ಜುವ ತೆರೆದ ತಂತಿ. ಒಟ್ಟು ಏಳು ಸುತ್ತು, ಏಳೂ ಅಕ್ಕ ಹೇಳಿದ ಏಳು ರೀತಿ, ನನ್ನ ಸ್ವಂತದ್ದು ಒಂದೂ ಇಲ್ಲ. ವೇಗ ಏರಿಸಿ ಕೊನೆಗೆ ಚಪ್ಪಾಳೆ ಬರುವ ಹಾಗೆ ಮಾಡೋಣ ಅಂತ ಆಸೆ ಆಯಿತು, ಬಿಟ್ಟೆ. ಗದ್ದೆಯಲ್ಲಿ ಹಾಡು ಏರಿ ಮುಗಿಯುವುದಿಲ್ಲ, ಹಿಂದೆ ಹಿಂದೆ ನೆಡುತ್ತಾ ಹೋಗಿ ಬೆನ್ನಿಗೆ ಹುಣಿ, ಅಂದರೆ ಗದ್ದೆಯ ಬದು, ಸಿಕ್ಕಿದಾಗ ನಿಲ್ಲುತ್ತದೆ. ಹಾಗೆಯೇ ಸಾಲಿನ ನಡುವೆಯೇ ನಿಲ್ಲಿಸಿದೆ.

ಬರೆದಿಡುವಾಗ ತಾಳದ ಗೆರೆ ಹಾಕಬೇಡಿ, ಸಾಲು ಮುಗಿದ ಕಡೆ ಒಂದು ಚುಕ್ಕೆಗೆರೆ ಸಾಕು. ಶ್ರುತಿ ಬದಲಿಸಿದ ಕಾರಣ ಬರೀ ಸ್ವರಲಿಪಿ ನೋಡಿ ನುಡಿಸುವವರಿಗೆ ಬೆರಳು ಗೊಂದಲ ಆಗುತ್ತದೆ, ಕೆಳಗೆ ಯಾವ ತಂತಿ, ಯಾವ ಫ್ರೆಟ್ ಅಂತ ತೋರಿಸುವ ಟ್ಯಾಬ್ ಕೊಡಿ. ಮ್ಯೂಸ್‌ಸ್ಕೋರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ತಂತಿಗಳ ಶ್ರುತಿ ಬದಲಿಸಿ ಎರಡನ್ನೂ ಒಟ್ಟಿಗೆ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಮೊದಲ ಪುಟದ ಮೇಲೆ ಹೇಳಿದವರ ಹೆಸರು, ಊರು, ಯಾವ ತಿಂಗಳು ಅಂತ ಬರೆಯಿರಿ. ಹೆಸರು ಬೇಡ ಅಂದರೆ ಊರು ಮಾತ್ರ. ಸಂಯೋಜನೆ ಅಂತ ನಿಮ್ಮ ಹೆಸರೊಂದನ್ನೇ ಹಾಕಿಕೊಳ್ಳುವುದು ಸರಿಯಲ್ಲ. ಕಾರ್ಯಕ್ರಮಕ್ಕೆ ಸಂಭಾವನೆ ಬಂದರೆ ಅವರಿಗೂ ಒಂದು ಪಾಲು ಮುಟ್ಟಿಸಿ.

ಮಳೆಗಾಲದ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಹಾಡು ಸಿಗುವುದೂ ಜೂನ್, ಜುಲೈಯಲ್ಲೇ, ಗಿಟಾರ್ ಹಾಳಾಗುವುದೂ ಆಗಲೇ. ಮರದ ಗಿಟಾರಿಗೆ ಹಿತ ಅನ್ನಿಸುವ ತೇವ ಶೇ 45ರಿಂದ 55. ನಮ್ಮಲ್ಲಿ ಆಗ ಶೇ 90ರ ಹತ್ತಿರ ಇರುತ್ತದೆ. ಹಲಗೆ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ದನಿ ಮಂದ ಆಗುತ್ತದೆ. ನುಡಿಸದ ಹೊತ್ತು ಗಿಟಾರ್ ಇಡುವ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ, ತೇವ ಅಳೆಯುವ ಸಣ್ಣ ಹೈಗ್ರೋಮೀಟರ್ ಒಂದು ಒಳಗಿರಲಿ, ಗೋಡೆಗೆ ತೂಗು ಹಾಕಬೇಡಿ. ಗದ್ದೆ ಬದಿಗೆ ಒಳ್ಳೆಯ ಗಿಟಾರ್ ಒಯ್ಯಲೇಬೇಡಿ, ಫೋನ್ ಸಾಕು.

ಬರೆದು ಮುಗಿದ ಮೇಲೆ ಮೊದಲ ಸಲ ನುಡಿಸಬೇಕಾದದ್ದು ಹೇಳಿಕೊಟ್ಟವರ ಮುಂದೆ. ನಾನು ಹೋದಾಗ ಅಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು, ಬೀಡಿ ಎಲೆಯ ಸೂಪು (ಮೊರ) ಮಡಿಲಲ್ಲೇ ಇತ್ತು. ನಾಲ್ಕನೇ ಸುತ್ತಿಗೆ ಬರುವಾಗ ಗುನುಗಲು ಶುರು ಮಾಡಿದರು. ಒಂದು ಕಡೆ ನಾನು ಮುಂದೆ ಹೋದೆ, ಅವರು ಹಿಂದೆ ಉಳಿದರು. "ಮುಲ್ಪ ಉಸುಲು ದೆಪ್ಪೊಡು ಮಗಾ" ಅಂದರು, ಇಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ. ಜೇಬಿನಿಂದ ಪೆನ್ಸಿಲ್ ತೆಗೆದು ಆ ಸ್ವರದ ಮೇಲೆ ಒಂದು ಅಲ್ಪವಿರಾಮ ಹಾಕಿ, ಆ ಸುತ್ತನ್ನು ಮೊದಲಿನಿಂದ ನುಡಿಸಿದೆ.